ಹುಳು ಜ್ವರಕ್ಕೆ ಕೂತಾಗ

ಮಡಕಶಿರ
೧೪ ನವೆಂಬರ್ ೨೦೨೪, ಗುರುವಾರ

ಚಿರಂಜೀವಿ ರಮ್ಯಳಿಗೆ ನಿನ್ನ ತಾತ ಮಾಡುವ ಆಶೀರ್ವಾದ.

ಹೇಗಿದ್ದೀಯ ಮಗಳೇ? ತೈವಾನಿನಲ್ಲಿ ಚಳಿ ಶುರುವಾಯಿತಂತೆ. ಶೀತ ಬೇಗ ಹಿಡಿಯುವ ಮೈ ನಿನ್ನದು, ಕಿವಿಗೆ ಬಟ್ಟೆ ಕಟ್ಟಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮಂಡಿನೋವು ಹಾಗೇ ಇದೆ. ಮೂವತ್ತು ವರ್ಷ ಹಿಂದೂಪುರದ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದವನಿಗೆ ಇನ್ನೇನು ಬಹುಮಾನ ಸಿಕ್ಕೀತು. ನಿನ್ನಜ್ಜಿ ಎರ್ರಮ್ಮನಿಗೆ ಕಣ್ಣು ಇನ್ನಷ್ಟು ಮಂಜಾಗಿದೆ. ಕಿವಿ ಮಾತ್ರ ಮೊದಲಿನ ಹಾಗೇ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದೆ. ಈಗ ಹೇಳುವುದು ಅವಳಿಗೆ ಕೇಳಿಸಬಾರದು.

ನಿಮ್ಮ ಪ್ರೊಫೆಸರ್ ಚೆನ್ ಅವರ ಅಭಿನಂದನಾ ಗ್ರಂಥಕ್ಕೆ ನೀನು ಬರೆದ ಇಂಗ್ಲಿಷ್ ಲೇಖನ ಕಳಿಸಿದ್ದೆಯಲ್ಲ, ಅದನ್ನು ಭಾನುವಾರ ಜಗಲಿಯ ಮೇಲೆ ಕೂತು ನಿನ್ನ ಚಿಕ್ಕಪ್ಪ ನಾಗಾರ್ಜುನ ಕನ್ನಡದಲ್ಲಿ ಓದಿ ಹೇಳಿದ. ಅಜ್ಜಿ ಪಕ್ಕದ ರೇಷ್ಮೆ ಹುಳು ಮನೆಯಲ್ಲಿದ್ದಳು. ಆ ಪ್ರೊಫೆಸರು ಗೇಣಿ ರೈತನ ಮಗನಾಗಿ ಹುಟ್ಟಿ ಜಪಾನಿಗೆ ಹೋಗಿ ಓದಿದ್ದು, ಕಾಲೇಜಿನಲ್ಲಿ ಮುಖ್ಯಸ್ಥರಾಗಿದ್ದು, ಆಮೇಲೆ ಅಲ್ಲಿನ ಸರ್ಕಾರಕ್ಕೇ ಸಲಹೆ ಹೇಳುವಷ್ಟು ಬೆಳೆದದ್ದು ಎಲ್ಲ ಚೆನ್ನಾಗಿ ಬರೆದಿದ್ದೀಯ. ನಿನ್ನ ಜೊತೆ ಬಂದಿದ್ದಾಗ ನಮ್ಮ ಮನೆಯಲ್ಲಿ ಮುದ್ದೆ ನುಂಗಲು ಬಾರದೆ ಅಗಿದು ಅಗಿದು ಬೆವರು ಒರೆಸಿಕೊಂಡ ಮನುಷ್ಯ ಇಷ್ಟು ದೊಡ್ಡವರೇ ಎಂದು ಖುಷಿಪಟ್ಟೆ. ಎರಡನೇ ಪುಟಕ್ಕೆ ಬಂದಾಗ ನಾನೇ ನಾಗಾರ್ಜುನನಿಗೆ ದನಿ ತಗ್ಗಿಸು ಅಂದೆ.

ಹುಳು ಸೊಪ್ಪು ಮೇಯುವ ಸದ್ದು ಕೇಳಿ ರೋಗ ಕಂಡುಹಿಡಿಯುವ ಯಂತ್ರ ಅವರ ಜೀವಮಾನದ ಸಾಧನೆಯಂತೆ. ಆ ಯೋಚನೆ ಒಂದು ಮಳೆಯ ಸಂಜೆ ಕಿಟಕಿ ಬಳಿ ಕೂತಾಗ ಅವರಿಗೆ ತಾನಾಗಿ ಹೊಳೆಯಿತಂತೆ. ಯಾವ ಮಳೆ ರಮ್ಯಾ? ನಿನ್ನಜ್ಜಿ ಹುಳು ಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, "ಮೂರನೇ ತಟ್ಟೇಲಿ ಸದ್ದು ಕಮ್ಮಿ ಆಗೈತೆ, ನಾಳೀಕೆ ಸಾಯ್ತವೆ" ಅಂದದ್ದು, ಮಾರನೆಯ ದಿನ ಅದೇ ತಟ್ಟೆಯ ಹುಳು ಸತ್ತದ್ದು, ಆ ಪ್ರೊಫೆಸರು ಎದ್ದು ನಿಂತು ಕೈಮುಗಿದದ್ದು ಎಲ್ಲ ಮರೆತೆಯಾ? "ಅಜ್ಜೀ, ನೀನು ಅವರ ಗುರು ಅಂತೆ ಕಣಜ್ಜಿ" ಎಂದು ಕನ್ನಡಕ್ಕೆ ತಿರುಗಿಸಿ ಕುಣಿದವಳು ನೀನೇ.

ಅಜ್ಜಿಯ ಹೆಸರು ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳನ್ನು ಬೇರೆ ಕಡೆ ತಂದಿದ್ದೀಯ. "ನನ್ನ ಅಜ್ಜಿಯಂಥವರು ಹುಳಕ್ಕೆ ಜ್ವರ ಬರುತ್ತದೆಂದು ನಂಬಿ, ಹೆದರಿ ಮೇವು ನಿಲ್ಲಿಸುತ್ತಾರೆ, ಪ್ರೊಫೆಸರ್ ಬಂದು ಆ ಮೂಢನಂಬಿಕೆ ಬಿಡಿಸಿದರು" ಎಂದು. ಹುಳು ತಲೆ ಎತ್ತಿ ಅಲುಗದೆ ಕೂತು ಪೊರೆ ಬಿಡುವುದಕ್ಕೆ ನಮ್ಮ ಕಡೆ ಇಟ್ಟ ಹೆಸರು ಜ್ವರ. ಆಗ ಸೊಪ್ಪು ಹಾಕಿದರೆ ಕೊಳೆತು ಹುಳು ಕೆಡುತ್ತವೆ, ಅದಕ್ಕೆ ನಿಲ್ಲಿಸುತ್ತೇವೆ. ನಿಮ್ಮ ತೈವಾನಿನಲ್ಲೂ ನಿಲ್ಲಿಸುತ್ತಾರಂತೆ, ನಾಗಾರ್ಜುನ ವಿಚಾರಿಸಿದ. ಪರದೇಶದವರು ತಪ್ಪು ತಿಳಿದರೆ ಭಾಷೆ ಬಾರದು ಅನ್ನಬಹುದು. ಹುಳು ಮನೆಯಲ್ಲೇ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದವಳು ನೀನು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಗುರುವನ್ನು ಎತ್ತರ ಕೂರಿಸಲು ಅಜ್ಜಿಯನ್ನು ಮಣೆ ಮಾಡಿಕೊಂಡೆ. ಉಂಡ ಮನೆಗೆ ಎರಡು ಬಗೆದೆಯಲ್ಲ ತಾಯಿ. ನನಗೆ ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ.

ಇದರ ಮೇಲೆ, ಅಜ್ಜಿ ಪ್ರೊಫೆಸರಿಗೆ ಥ್ಯಾಂಕ್ಸ್ ಹೇಳುವ ಎರಡು ನಿಮಿಷದ ವಿಡಿಯೋ ಬೇಕು, ಸಮಾರಂಭದಲ್ಲಿ ತೋರಿಸುತ್ತೇವೆ ಅಂತ ಕೇಳಿದ್ದೀಯ. ಅವಳು ಆ ಹಸಿರು ಅಂಚಿನ ಸೀರೆ ಒಗೆದು ಇಟ್ಟುಕೊಂಡಿದ್ದಾಳೆ. ಪುಸ್ತಕದಲ್ಲಿ ತನ್ನ ಹೆಸರಿದೆಯಾ ಎಂದು ಅವಳು ಕೇಳಿದರೆ ಇದೆ ಅನ್ನಲೋ, ಇಲ್ಲ ಅನ್ನಲೋ? ನೀನೇ ಹೇಳು. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲವಂತಲ್ಲ, ಆ ಸಾಲು ತೆಗೆದು ನಡೆದದ್ದನ್ನು ನಡೆದ ಹಾಗೆ ಬರೆ. ಪ್ರೊಫೆಸರು ಒಪ್ಪದೆ ಇರಲಾರರು, ಕೈಮುಗಿದವರು ಅವರೇ.

ಮೈ ಕಡೆ ಜೋಪಾನ. ಎಷ್ಟು ಸಿಟ್ಟಿದ್ದರೂ ನೀನು ಚೆನ್ನಾಗಿರಲಿ ಎಂದೇ ಬಾಯಿಗೆ ಬರುತ್ತದೆ, ಏನು ಮಾಡಲಿ.

ನಿನ್ನ ತಾತ,
ಲಕ್ಷ್ಮೀನರಸಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಭಾನುವಾರ ಗೋಡೆಯಾಚೆಯಿಂದ ಅವಳಿಗೆ ಎಲ್ಲ ಕೇಳಿಸಿತ್ತಂತೆ. ಹುಳದ ಉಸಿರು ಕೇಳುವವಳಿಗೆ ನಾಗಾರ್ಜುನನ ಪಿಸುಮಾತು ಯಾವ ಲೆಕ್ಕ, ದಡ್ಡ ನಾನು. ಸೀರೆ ಮತ್ತೆ ಪೆಟ್ಟಿಗೆಗೆ ಹೋಗಿದೆ. ವಿಡಿಯೋ ಇಲ್ಲ. ನಿನ್ನ ಫೋನು ಬಂದರೂ ಅವಳು ಮಾತಾಡುವುದಿಲ್ಲವಂತೆ. "ಅದು ಜ್ವರಕ್ಕೆ ಕೂತೈತೆ. ಏಳೋಗಂಟ ಸೊಪ್ಪು ಹಾಕ್ಬಾರ್ದು" ಅಂದಳು ನಿನ್ನ ಬಗ್ಗೆ. ಎಷ್ಟು ದಿನವೇ ಅಂತ ಕೇಳಿದೆ. "ಹುಳಕ್ಕಾದ್ರೆ ಒಂದು ದಿನ, ಹೆಚ್ಚಂದ್ರೆ ಒಂದೂವರೆ. ಮನುಷ್ಯರದು ನಂಗೊತ್ತಿಲ್ಲ."