ಮಾವ ಕಲಿಸಿದ ‘ಯೂ’

ಮಾವನವರಿಗೆ, ಹೊಸದುರ್ಗದ ಮನೆಯಿಂದ ನಿಮ್ಮ ಸೊಸೆ ಗಂಗಾ ಮಾಡುವ ನಮಸ್ಕಾರ.

ಇವತ್ತು ಬಾಗೂರಿನ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಸರ್ವನಾಮದ ಪಾಠ ಶುರು ಮಾಡಿದೆ. ನೀವು ಮಾಡುತ್ತಿದ್ದಂತೆಯೇ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಅಂಗೈಯನ್ನು ಎದೆಯ ಮೇಲಿಟ್ಟರೆ ‘ಐ’. ಎದುರಿಗಿರುವವರ ಕಡೆ ತೆರೆದು ಚಾಚಿದರೆ ‘ಯೂ’. ಪಕ್ಕಕ್ಕೆ ತೋರಿಸಿದರೆ ‘ಹೀ’, ‘ಶೀ’. ಒಬ್ಬಳು ಹುಡುಗಿ ‘ಯೂ’ ಅನ್ನುತ್ತಾ ಗೆಳತಿಯ ಮುಖಕ್ಕೆ ಬೆರಳು ಹಿಡಿದಳು. “ಬೆರಳು ತೋರ್ಸಿದ್ರೆ ಜಗಳ ಆಗ್ತೈತೆ, ಅಂಗೈ ತೋರ್ಸವ್ವ” ಅಂದೆ. ಅಂದ ಮೇಲೆ ಗೊತ್ತಾಯಿತು, ಅದು ನಿಮ್ಮ ಮಾತು. ನೀರು ಕುಡಿದು ಬರ್ರಿ ಅಂತ ಮಕ್ಕಳನ್ನು ಹೊರಗೆ ಕಳಿಸಿ, ಕುರ್ಚಿ ಹಿಡಿದು ನಿಂತೆ.

ಮದುವೆಯಾಗಿ ಜವನಗೊಂಡನಹಳ್ಳಿಯಿಂದ ಬಂದ ಹೊಸದರಲ್ಲಿ ಜಗಲಿಯ ಮೇಲೆ ಕೂರಿಸಿಕೊಂಡು ನನ್ನಿಂದ ಮೊದಲ ವಾಕ್ಯ ಹೇಳಿಸಿದಿರಲ್ಲ, ನೆನಪಿದೆಯೇ? ನೀವು ಆಗಷ್ಟೇ ನಿವೃತ್ತರಾದ ಇಂಗ್ಲಿಷ್ ಮೇಷ್ಟ್ರು. ನಾನು ಕುರಿ ಕಾಯುವವರ ಮನೆಯ ಹುಡುಗಿ, ಟೀಚರ್ ಆಗಬೇಕೆಂಬ ಆಸೆಯೊಂದೇ ಬಂಡವಾಳ. “ಮೈ ಫಾದರ್ ಇನ್ ಲಾ ಈಸ್ ಎ ಟೀಚರ್. ದೇ ಆರ್ ವೆರಿ ಸ್ಟ್ರಿಕ್ಟ್” ಅಂದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿರಿ.

“ಎಷ್ಟು ಜನ ಮಾವಂದಿರವ್ವ ನಿನಗೆ? ನಾನೊಬ್ನೇ ಅಲ್ವಾ ಇರೋದು? ‘ಹೀ’ ಅನ್ನು.”

“ಹೆಂಗ್ ಅನ್ಲಿ ಮಾವ? ‘ಅವನು’ ಅಂದಂಗೆ ಆಗ್ತೈತೆ.”

ನಿಮ್ಮನ್ನು ‘ಹೀ’ ಅನ್ನಲು ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ.

ಆದರೆ ನೀವು? ಊಟಕ್ಕೆ ಕೂತಾಗಲೆಲ್ಲ “ಗಂಗಾ, ಅವನಿಗೆ ಇನ್ನೊಂದು ಮುದ್ದೆ ಹಾಕು” ಅನ್ನುತ್ತಿದ್ದಿರಿ. ಪಕ್ಕದಲ್ಲೇ ಕೂತ ನಿಮ್ಮ ಮಗ ತಟ್ಟೆಯಿಂದ ತಲೆ ಎತ್ತದೆ “ಸಾಕಂತೆ ಅನ್ನು ಅವ್ರಿಗೆ” ಅನ್ನುತ್ತಿದ್ದರು. ಇಬ್ಬರ ಮೊಣಕಾಲು ತಾಗುತ್ತಿದ್ದವು, ಮಾತು ಮಾತ್ರ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಸುತ್ತಿಕೊಂಡು ಹೋಗಬೇಕು. ಅವರು ಹತ್ತನೇ ತರಗತಿಯಲ್ಲಿ ನಿಮ್ಮದೇ ವಿಷಯದಲ್ಲಿ ಫೇಲಾದ ದಿನ, ಶಾಲೆಯ ಅಂಗಳದಲ್ಲಿ ಎಲ್ಲರೆದುರು “ಅವನು ನನ್ನ ಮಗನೇ ಅಲ್ಲ” ಅಂದಿರಂತೆ. ಆ ‘ಅವನು’ ಮತ್ತೆ ‘ನೀನು’ ಆಗಲೇ ಇಲ್ಲ. ಕುರಿ ಸಾಗಿಸಲು ಅವರು ಮಿನಿ ಲಾರಿ ತಂದರು, ನೀವು ಅದರಲ್ಲಿ ಒಮ್ಮೆಯೂ ಕೂರಲಿಲ್ಲ. ಹೊಳಲ್ಕೆರೆಗೆ ಹೋಗುವುದಿದ್ದರೂ ಸೊಂಟ ಹಿಡಿದುಕೊಂಡು ಬಸ್ಸಿಗೇ ಕಾದಿರಿ. ಊರ ಮಕ್ಕಳಿಗೆಲ್ಲ ‘ಯೂ’ ಕಲಿಸಿದವರು ಮನೆಯ ಒಬ್ಬ ಮಗನಿಗೆ... ಕೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ಸೊಸೆಯಾದವಳು ಕೇಳುವುದಾದರೂ ಹೇಗೆ ಮಾವ?

ದುರ್ಗದ ಆಸ್ಪತ್ರೆಯಲ್ಲಿ ನಿಮ್ಮ ಎಡಗೈಯನ್ನು ಮಂಚಕ್ಕೆ ಕಟ್ಟಿಹಾಕಿದ್ದು ಕಣ್ಣಿಂದ ಹೋಗುವುದಿಲ್ಲ. ಲಕ್ವ ಹೊಡೆದು ಮಾತು ನಿಂತಿತ್ತು, ಬಲಗೈ ಬಿದ್ದುಹೋಗಿತ್ತು, ಉಳಿದದ್ದು ಅದೊಂದೇ ಕೈ. “ಸುಮ್ನೆ ಕೈ ಎಸೀತಾರೆ, ಡ್ರಿಪ್ ಕಿತ್ಕಂತಾರೆ” ಅಂದಳು ನರ್ಸ್. ನಾನು ನೋಡಿದೆ. ಬ್ಯಾಂಡೇಜು ಬಟ್ಟೆಯ ಒಳಗೇ ಅಂಗೈ ತೆರೆದುಕೊಳ್ಳುತ್ತಿತ್ತು.

“ಎಸೀತಿಲ್ಲ ಸಿಸ್ಟರ್, ಮಾತಾಡ್ತಾ ಅದಾರೆ. ಬಿಚ್ರಿ, ನಾನು ಹಿಡ್ಕಂತೀನಿ.”

ಬಿಚ್ಚಿದಳು. ಕೈಯನ್ನು ಎದೆಯ ಮೇಲಿಟ್ಟುಕೊಂಡಿರಿ. ಆಮೇಲೆ ನಿಧಾನಕ್ಕೆ ಎತ್ತಿ, ಅಂಗೈ ತೆರೆದು, ಗೋಡೆಗೆ ಒರಗಿ ನಿಂತಿದ್ದ ನಿಮ್ಮ ಮಗನ ಕಡೆ ಚಾಚಿದಿರಿ. ಅವರು ರೂಢಿಯಂತೆ ನನ್ನ ಮುಖ ನೋಡಿ “ಏನಂತೆ?” ಅಂದರು.

ಅಷ್ಟು ವರ್ಷ ನಿಮ್ಮಿಬ್ಬರ ಮಾತು ಹೊತ್ತವಳು ನಾನು, ಅವತ್ತು ಹೊರಲಿಲ್ಲ. “ನನ್ನ ಕೇಳ್ಬ್ಯಾಡ್ರಿ. ನಿಮ್ಮನ್ನೇ ಕರೀತಾ ಅದಾರೆ” ಅಂದು, ನಿಮ್ಮ ಕೈಯನ್ನು ಅವರ ಕೈಗೆ ಕೊಟ್ಟು ಹೊರಗೆ ಬಂದೆ. ಸಂಜೆಗೆ ನೀವು ಹೋದಿರಿ. ಮಣ್ಣು ಮುಗಿಸಿ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: “ಏನೂ ಅನ್ನಾಕಾಗ್ಲಿಲ್ಲ ಗಂಗಾ. ಬಾಯೇ ಬರ್ಲಿಲ್ಲ.” ಅವತ್ತಿನಿಂದ ಮನೆಯಲ್ಲಿ ನಿಮ್ಮ ಸುದ್ದಿಯನ್ನೇ ಎತ್ತಿರಲಿಲ್ಲ. ಆ ದಿನ ಹೊರಗೆ ಬರದೆ ನಾನೇ ನಿಂತು ಒಂದು ಮಾತು ದಾಟಿಸಿದ್ದರೆ ಆಗುತ್ತಿತ್ತೋ ಏನೋ...

ಇವತ್ತು ಶಾಲೆ ಬಿಟ್ಟ ಮೇಲೆ ಅವರೇ ಲಾರಿ ತಂದು ಹತ್ತಿಸಿಕೊಂಡರು. ದಾರಿಯಲ್ಲಿ ಪಾಠದ ವಿಷಯ ಹೇಳಿದೆ, ಅಂಗೈ ಚಾಚಿ ತೋರಿಸಿದೆ. ಅಂಗೈ ನೋಡಿ ಲಾರಿಯ ವೇಗ ತಗ್ಗಿಸಿದರು. ಆಮೇಲೆ “ಸೊಂಟ ನೋವಿದ್ರೂ ನೀನು ಬಸ್ಸಿಗೇ ಕಾಯ್ತಿದ್ದಿ” ಅಂದರು. ನನಗೆಲ್ಲಿಯ ಸೊಂಟ ನೋವು ಎಂದು ತಿರುಗಿದೆ. ಅವರ ಕಣ್ಣು ರಸ್ತೆಯ ಮೇಲಿತ್ತು, ಕೆನ್ನೆ ಒದ್ದೆಯಾಗಿತ್ತು. “ಇಲ್ಲಿ ಜಾಗ ಐತೆ, ಕುಂತ್ಕಳಪ್ಪ ಅಂತ ನಾನಾದ್ರೂ ಒಂದು ಸಲ ಅನ್ಬೌದಿತ್ತು. ನೀನು ಬತ್ತಿದ್ದೇನಪ್ಪಾ?”

ನಾನು ಬಾಗಿಲ ಕಡೆಗೆ ಸರಿದು ಕೂತೆ. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಹೊಸದುರ್ಗ ಬರುವವರೆಗೂ ಅವರು ನಿಮ್ಮ ಜೊತೆಗೇ ಮಾತಾಡುತ್ತಾ ಬಂದರು ಮಾವ. ನನ್ನ ಕೈಲಿ ಏನೂ ಹೇಳಿ ಕಳಿಸಲಿಲ್ಲ.