ಬೋವಿಕಾನದ ಫ್ಲೆಕ್ಸ್

ಪ್ರವೀತಣ್ಣನಿಗೆ,

ಬೋವಿಕಾನ ಪೇಟೆಯಲ್ಲಿ ನಿಮ್ಮ ಕ್ಲಬ್ಬಿನವರು ನನ್ನ ಫೋಟೋ ಹಾಕಿ ಕಟ್ಟಿದ ಅಭಿನಂದನೆಯ ಫ್ಲೆಕ್ಸನ್ನು ದಯವಿಟ್ಟು ಬಿಚ್ಚಿಸಿ.

ಅಂದು ಬಸ್ಸಿನಲ್ಲಿ ನೀವು, "ಕಂಪೆನಿದ್ದು ಆಯ್ತಾ ಮಾರಾಯ್ತಿ?" ಎಂದು ಕೇಳಿದಿರಿ. ನಾನು "ಆಯ್ತು" ಎಂದೆ. ಆದದ್ದು ಇಂಟರ್‌ವ್ಯೂ! ನೀವು ಕೆಲಸವೇ ಆಯಿತೆಂದುಕೊಂಡಿರಿ. ಇನ್ನೊಂದು ಮಾತು ಕೇಳಲು ನಿಮಗೆ ಎಂತ ಕಷ್ಟವಿತ್ತು? ಕೊಚ್ಚಿಯ ಆ ದೊಡ್ಡ ಸಾಫ್ಟ್‌ವೇರ್ ಕಂಪೆನಿಯವರು ನಾನು ಬೇಡವೆಂದು ಮೇಲ್ ಕಳಿಸಿದ ದಿನವೇ ನಿಮ್ಮ ಫ್ಲೆಕ್ಸ್ ಮೇಲೇರಿತು. ಈಗ ಕಂಡಕ್ಟರನಿಗೂ ನನ್ನಿಂದ ಲಡ್ಡು ಬೇಕಂತೆ.

ಆದರೆ ಬಿಚ್ಚುವ ಮೊದಲು ನನಗೊಂದು ಫೋನ್ ಮಾಡಿ. ಅಮ್ಮ ದಿನಾ ಬಸ್ಸಿಳಿದು, ಅದರೆದುರು ಸ್ವಲ್ಪ ಹೊತ್ತು ನಿಂತೇ ಮನೆಗೆ ಬರುವುದು. ಅವರಿಗೆ ನಾನಿನ್ನೂ ಹೇಳಿಲ್ಲ.

ಇತಿ,
ಫ್ಲೆಕ್ಸಿನಲ್ಲಿ ನಗುತ್ತಿರುವ
ನಮಿತಾ