ತಪ್ಪೆಂದು ಹೊಡೆದುಹಾಕಿದ ಉಸಿರು

ದಿಗ್ಗೇವಾಡಿ
ತಾ. ೨೯-೧೧-೧೯೯೩

ಶಿವಗಂಗಾಳ ಅಪ್ಪನವರಿಗೆ, ಕಸ್ತೂರೆವ್ವ ಮಾಡುವ ನಮಸ್ಕಾರಗಳು.

ಪುಣೆಯ ಚಳಿಗೆ ನಿಮ್ಮ ಕೆಮ್ಮು ಹೇಗಿದೆ? ಶುಂಠಿ ಕಷಾಯ ಕುಡಿಯುತ್ತಿದ್ದೀರೋ, ಪ್ರಯೋಗಶಾಲೆಯ ಚಹಾದಲ್ಲೇ ದಿನ ಕಳೆಯುತ್ತಿದ್ದೀರೋ? ಇಲ್ಲಿ ಎಲ್ಲರೂ ಆರಾಮ. ನಾನೊಬ್ಬಳು ಮಾತ್ರ ನಿಮ್ಮ ಪತ್ರ ಬಂದಾಗಿನಿಂದ ಉರಿಯುತ್ತಿದ್ದೇನೆ.

ದಸರೆಗೆ ಬಂದಾಗ ಮನೆಯ ದೊಡ್ಡವರ ಉಸಿರನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡು ಹೋದಿರಿ. ಮನುಷ್ಯರ ಹೊಟ್ಟೆಯಲ್ಲೂ ಮಿಥೇನ್ ಅನಿಲ ಹುಟ್ಟಿ ಉಸಿರಿನಲ್ಲಿ ಹೊರಬರುತ್ತದೆ, ಅದರ ಇಂಗಾಲ ಅಳೆದರೆ ಏನು ಉಂಡಿದ್ದಾರೆಂದು ತಿಳಿಯುತ್ತದೆ, ಜೋಳ ಕಬ್ಬಿನ ಇಂಗಾಲ ತುಸು ಭಾರ, ಗೋದಿ ಅಕ್ಕಿಯದು ಹಗುರ ಎಂದು ನೀವೇ ಪಡಸಾಲೆಯಲ್ಲಿ ಕೂತು ಪಾಠ ಹೇಳಿದಿರಿ. ಮಾವನವರು, "ಹೊಟ್ಟ್ಯಾಗಿನ ಗಾಳಿ ಅಳ್ಯಾಕ ಪಗಾರ ಕೊಡ್ತಾರಲ್ಲೋ ನಿನಗ!" ಎಂದು ನಕ್ಕರು. ನಾನೂ ನಗುತ್ತಲೇ ಗಲ್ಲ ಉಬ್ಬಿಸಿ ಊದಿದೆ.

ಈಗ ಬರೆಯುತ್ತೀರಿ: ಮಾವನವರದು, ಅತ್ತೆಯವರದು, ಮೈದುನ ದಶರಥನದು ಮೂರೂ ಹಗುರ, ನನ್ನದೊಂದೇ ಭಾರ ಬಂದಿದೆಯಂತೆ. ಒಂದೇ ಒಲೆಯ ಊಟ ಉಂಡವರಲ್ಲಿ ಇಷ್ಟು ಫರಕು ಬರುವುದಿಲ್ಲವಂತೆ. ನಾನು ಊದುವಾಗ ಏನೋ ಗಡಬಡ ಮಾಡಿರಬೇಕಂತೆ, ಅದಕ್ಕೇ ನನ್ನ ಅಂಕಿಯನ್ನು ತಪ್ಪೆಂದು ಹೊಡೆದುಹಾಕಿದಿರಂತೆ. ಅಯ್ಯ ಶಿವನೇ! ಹನ್ನೊಂದು ವರ್ಷ ಜೊತೆಗೆ ಬಾಳಿದವರು ಬರೆಯುವ ಮಾತೇ ಇದು?

ಒಲೆ ಒಂದೇ ಇರಬಹುದು, ತಾಟು ಒಂದೇ ಅಲ್ಲ. ಹೊಲಕ್ಕೆ ನೀರು ಬಂದು ಕಬ್ಬು ಹಚ್ಚಿ ಕೈಯಲ್ಲಿ ನಾಲ್ಕು ದುಡ್ಡು ಆಡತೊಡಗಿದಾಗಿನಿಂದ ಗಂಡಸರಿಗೆ ಚಪಾತಿ, ಅನ್ನ. ಅತ್ತೆಯವರಿಗೆ ಹಲ್ಲಿಲ್ಲ, ಅವರಿಗೆ ಮೆತ್ತನೆಯ ಅನ್ನ. ಎಲ್ಲರೂ ಉಂಡೆದ್ದ ಮೇಲೆ ನನಗೆ ಜೋಳದ ಕಟಕ ರೊಟ್ಟಿ. ಒಮ್ಮೆ ಚಪಾತಿಗೆ ಕೈ ಹಾಕಿದ್ದಕ್ಕೆ ಅತ್ತೆಯವರು, "ನಿನಗ್ಯಾಕ ಬೇ ಚಪಾತಿ? ರೊಟ್ಟಿ ಯಾರ ತಿನ್ನಬೇಕ?" ಅಂದರು. ನೀವು ಆಗಲೇ ಉಂಡು ಕೈ ತೊಳೆದು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಿರಿ. ರೊಟ್ಟಿ ನನಗೆ ಸೇರುತ್ತದೆ, ಅದಕ್ಕಾಗಿ ನಾನು ಅಳುತ್ತಿಲ್ಲ. ನಾನು ಏನು ಉಣ್ಣುತ್ತೇನೆಂದು ನಿಮ್ಮ ಯಂತ್ರಕ್ಕೆ ತಿಳಿಯಿತು, ನಿಮಗೆ ತಿಳಿಯಲಿಲ್ಲ. ಅದಕ್ಕೆ ಸಿಟ್ಟು. ನನ್ನ ಅಂಕಿಯನ್ನು ಮೊದಲು ಎಲ್ಲಿತ್ತೋ ಅಲ್ಲೇ ಬರೆಯಿರಿ.

ಸ್ವೆಟರ್ ಹಾಕಿಕೊಳ್ಳದೆ ಹೊರಗೆ ಬೀಳಬೇಡಿ.

ಸಿಟ್ಟಿದ್ದರೂ ನಿಮ್ಮವಳೇ ಆದ,
ಕಸ್ತೂರೆವ್ವ

ತಾ.ಕ.: ಪಕ್ಕದ ಮನೆಯ ನಾಮದೇವ ಪುಣೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ. ನೀವು ಬಿಟ್ಟುಹೋದ ಖಾಲಿ ಚೀಲಕ್ಕೆ ಶಿವಗಂಗಾ ಊದಿದ್ದಾಳೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಅವಳಿಗೆ ಹತ್ತು ತುಂಬಿತಲ್ಲ, ನೀವು ಹೋದ ಮರುದಿನವೇ ಅತ್ತೆಯವರು ಅವಳನ್ನು ಗಂಡಸರ ಪಂಕ್ತಿಯಿಂದ ಎಬ್ಬಿಸಿ, "ಇನ್ನ ಮ್ಯಾಲ ಅವ್ವನ ಕೂಡ ಉಣ್ಣು" ಅಂದಿದ್ದಾರೆ. ಅವಳ ಉಸಿರೂ ಭಾರ ಬಂದರೆ ಅದನ್ನೂ ತಪ್ಪೆಂದು ಹೊಡೆದುಹಾಕುತ್ತೀರಾ?